ಕೊಂಡದ್ದೋ ಮಾಡಿಸಿದ್ದೋ

ಬೆನೆಡಿಕ್ಟರ ಮೋಟಾರ್ ಸೈಕಲಿನ ಎಂಜಿನು ಗೋಣಿಚೀಲದ ಮೇಲಿಂದ ಉರುಳಿ ನೆಲಕ್ಕೆ ಬಡಿದಾಗ ಮೋಹನದಾಸನ ಎರಡೂ ಕೈಗಳಲ್ಲಿ ಸ್ಪ್ಯಾನರುಗಳಿದ್ದವು. ಹಿಡಿಯಲು ಕೈಯೇ ಖಾಲಿ ಇರಲಿಲ್ಲ. ಎಂಜಿನು ಗಾಳಿಗೆ ತಣಿಯಲೆಂದು ಅದರ ಮೈಸುತ್ತ ಮಾಡಿದ್ದ ರೆಕ್ಕೆಗಳಲ್ಲಿ ಒಂದು ಚೂರು ಮುರಿದು ಬಾಗಿಲ ಕಡೆಗೆ ಹಾರಿತು. ಬಾಗಿಲಲ್ಲಿ ಬೆನೆಡಿಕ್ಟರೇ ನಿಂತಿದ್ದರು.

ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದ ಅವರು ಚೂರನ್ನು ಹೆಕ್ಕಿ, ತಿರುಗಿಸಿ ನೋಡಿ, ಕಿಸೆಗೆ ಹಾಕಿಕೊಂಡರು.

“ಇದು ಹೋಗಲಿ. ಇನ್ನೊಂದು ಮುರಿದ್ರೆ ಎಂಜಿನನ್ನು ಇದೇ ಗೋಣಿಯಲ್ಲಿ ತುಂಬಿಸಿ ಕೊಂಡುಹೋಗ್ತೇನೆ. ತೆಂಗಿನಕಾಯಿ ತುರಿಯುವವರಿಗೂ ಒಂದು ಮಣೆ ಉಂಟು. ನಿನಗೆ ಎಂಜಿನು ಇಡ್ಲಿಕ್ಕೆ ಒಂದು ಸ್ಟ್ಯಾಂಡ್ ಇಲ್ವಾ ಮಾರಾಯ?”

“ಆಗ್ತದೆ ಪೊರ್ಬುಗಳೇ. ಆದಿತ್ಯವಾರದ ಒಳಗೆ,” ಎಂದು ಮೋಹನದಾಸ, ಊರಿನವರು ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವ ಹಾಗೆ ಕರೆದು, ಮಾತು ಕೊಟ್ಟ.

ಮೋಹನದಾಸನ ಸ್ವಂತ ಕಸುಬಿಗೆ ಬಂದ ಮೊದಲ ಎಂಜಿನು ಅದು. ಎರಡನೆಯ ಮಹಾಯುದ್ಧ ಮುಗಿದು, ಮಿಲಿಟರಿಯವರು ಹರಾಜು ಹಾಕಿದ ಮೋಟಾರ್ ಸೈಕಲುಗಳು ಮಂಗಳೂರಿಗೆ ಬರತೊಡಗಿದ್ದವು. ಅದನ್ನೇ ನಂಬಿ ಅವನು ಬಸ್ ಕಂಪೆನಿಯ ಕೆಲಸ ಬಿಟ್ಟು, ದೇರೆಬೈಲಿನ ಮನೆಯ ಗಾಡಿ ಕೊಟ್ಟಿಗೆಯಲ್ಲಿ ಕೂತಿದ್ದ. ಈ ಎಂಜಿನು ಕೈಬಿಟ್ಟು ಹೋದರೆ ಇನ್ನೊಂದು ಬರುವುದಿಲ್ಲ. ಮತ್ತೆ ಬಸ್ಸುಗಳ ಅಡಿಯಲ್ಲಿ ಮಲಗಿ ಬೇರೆಯವರಿಂದ ಬೈಸಿಕೊಳ್ಳಬೇಕು. ಇಷ್ಟು ಅವನಿಗೆ ಸ್ಪಷ್ಟವಿತ್ತು. ಉಳಿದದ್ದು ಯಾವುದೂ ಸ್ಪಷ್ಟವಿರಲಿಲ್ಲ.

ಮೊದಲು ಬಂದರಿಗೆ ಹೋದ. ಅಲ್ಲಿ ಗುಜರಿ ವ್ಯಾಪಾರ ಮಾಡುತ್ತಿದ್ದ ಯೂಸುಫ್ ಬ್ಯಾರಿಯ ಅಂಗಡಿಯಲ್ಲಿ ಮಿಲಿಟರಿ ಹಸಿರು ಬಣ್ಣದ, ಮೂರು ಕಾಲಿನ ಕಬ್ಬಿಣದ ಸಾಮಾನೊಂದು ನಿಂತಿತ್ತು.

“ಇದು ಎಂತದ್ದು ಬ್ಯಾರಿಗಳೇ?”

“ಸ್ಟ್ಯಾಂಡ್.”

“ಎಂತದ್ದರ ಸ್ಟ್ಯಾಂಡ್?”

“ನಿನಗೆ ಎಂತದ್ದರದ್ದು ಬೇಕು?”

“ಎಂಜಿನಿನದ್ದು.”

“ಹಾಗಾದ್ರೆ ಎಂಜಿನಿನದ್ದು. ಮೊನ್ನೆ ಒಬ್ಬ ಪೊಲೀಸು ಬಂದೂಕಿನದ್ದು ಅಂದ. ನಿನ್ನೆ ಒಬ್ಬರು ಮಾಸ್ಟ್ರು ದುರ್ಬೀನಿನದ್ದು ಅಂದ್ರು. ನಾನು ಇಬ್ಬರಿಗೂ ಹೌದು ಅಂದೆ.”

ಮೋಹನದಾಸ ಅದನ್ನು ಅಲುಗಾಡಿಸಿ ನೋಡಿದ. ಗಟ್ಟಿ ಇತ್ತು. ತಲೆಯ ಭಾಗ ಮಾತ್ರ ಸುಮ್ಮನೆ ಗಿರಗಿರ ತಿರುಗುತ್ತಿತ್ತು. ಎಂಜಿನಿಗೆ ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ. ಯೋಚನೆ ಮಾಡಿ ಹೇಳುತ್ತೇನೆಂದು ಮನೆಗೆ ಬಂದ.

ಮನೆಯ ಯಜಮಾನರು ಅವನ ತಾಯಿಯ ಅಣ್ಣ, ಬೂಬ ಮಾವ. ಕೊಟ್ಟಿಗೆಯಲ್ಲಿ ಒಂದು ಮೊಳೆ ಹೊಡೆಯಲಿಕ್ಕೂ ಅವರ ಒಪ್ಪಿಗೆ ಬೇಕು. ಸ್ಟ್ಯಾಂಡಿನ ವಿಷಯ ಕೇಳಿ ಅವರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು.

“ಅಟ್ಟದಲ್ಲಿ ಹಲಸಿನ ಮರ ಉಂಟು. ಅಣ್ಣು ಆಚಾರಿ ಹೇಗೂ ಹಟ್ಟಿಯ ಬಾಗಿಲು ಮಾಡ್ಲಿಕ್ಕೆ ಬಂದಿದ್ದಾನೆ. ಕೊಳ್ಳುವುದು ಎಂತಕ್ಕೆ? ಮಾಡಿಸು.”

ಅದೂ ಸರಿಯೆನಿಸಿತು. ಅಳತೆ ತೆಗೆದು ಅಣ್ಣುವಿನ ಹತ್ತಿರ ಹೋದ.

“ಇದು ಕೂರುವಂಥದ್ದಾ, ಮಲಗುವಂಥದ್ದಾ?” ಎಂದು ಅಣ್ಣು ಕೇಳಿದ.

“ಯಾವುದು ಆಚಾರ್ರೇ?”

“ನಿನ್ನ ಎಂಜಿನು. ಮಲಗುವುದಾದ್ರೆ ಮಂಚದ ಲೆಕ್ಕ. ಕೂರುವುದಾದ್ರೆ ಮಣೆಯ ಲೆಕ್ಕ.”

ಮೋಹನದಾಸ ಯೋಚಿಸಿದ. ಬಿಚ್ಚುವಾಗ ಮಲಗುತ್ತದೆ, ಜೋಡಿಸುವಾಗ ಕೂರುತ್ತದೆ. “ಎರಡೂ,” ಎಂದ.

“ಎರಡೂ ಮಾಡುವುದು ನನ್ನ ಹೆಂಡತಿಯ ತಮ್ಮ ಒಬ್ಬನೇ,” ಎಂದು ಅಣ್ಣು ಅಳತೆಕೋಲು ತೆಗೆದುಕೊಂಡ.

ನಾಲ್ಕು ಕಾಲು, ಮೇಲೆ ಎರಡು ದಪ್ಪ ಪಟ್ಟಿ, ಪಟ್ಟಿಗಳ ನಡುವೆ ಎಂಜಿನು ಇಳಿದು ಬೋಲ್ಟಿಗೆ ಕೂರಬೇಕು. ಕೆಲಸ ಚಂದ ಬಂತು. ಆದರೆ ಎಂಜಿನು ಇಳಿಯಲಿಲ್ಲ. ಓರೆ ಮಾಡಿ ನೋಡಿದ, ಹಿಂದುಮುಂದು ಮಾಡಿ ನೋಡಿದ. ಅರ್ಧ ಬೆರಳಿನಷ್ಟು ಜಾಗ ಸಾಲದು.

“ನಾನು ಕೊಟ್ಟ ಅಳತೆ ಇದಲ್ಲ ಆಚಾರ್ರೇ.”

“ನೀನು ಕೊಟ್ಟದ್ದು ಕಾಕಾಯ.”

“ಎಂತ?”

ಮನೆಯಲ್ಲಿ ಮಾಡುವ ಬಾಗಿಲು ಮಂಚಗಳ ಅಳತೆಗೆ ಆಯ ಎಂಬುದೊಂದಿದೆ. ಅಂಗುಲಗಳನ್ನು ಗುಣಿಸಿ, ಭಾಗಿಸಿ, ಉಳಿದ ಶೇಷ ನೋಡಿ ಆಚಾರಿಗಳು ಆನೆ, ಸಿಂಹ ಬಂದರೆ ಒಳ್ಳೆಯದು, ಕತ್ತೆ, ಕಾಗೆ ಬಂದರೆ ಕೆಟ್ಟದ್ದು ಎನ್ನುತ್ತಾರೆ. ಇದು ಮೋಹನದಾಸನಿಗೆ ಗೊತ್ತಿತ್ತು. ಎಂಜಿನಿಗೂ ಅದು ತಗಲುತ್ತದೆ ಎಂದು ಗೊತ್ತಿರಲಿಲ್ಲ.

“ಕಾಗೆ ಬಂತು. ಅರ್ಧ ಅಂಗುಲ ಕಮ್ಮಿ ಮಾಡಿದೆ, ಆನೆ ಆಯ್ತು,” ಎಂದ ಅಣ್ಣು. “ಇನ್ನು ನಿನಗೆ ಎಂಜಿನಿನ ಮೇಲೆ ಎಂಜಿನು ಬರ್ತದೆ.”

“ಬಂದದ್ದೇ ಒಳಗೆ ಹೋಗುವುದಿಲ್ಲ ಮಾರಾಯ್ರೆ.”

“ಎಂಜಿನನ್ನು ಸ್ವಲ್ಪ ಕೀಸು.”

ಮೋಹನದಾಸ ಅಣ್ಣುವಿನ ಪೆಟ್ಟಿಗೆಯಿಂದ ಉಳಿ ತೆಗೆದುಕೊಂಡ. ಪಟ್ಟಿಗಳ ಒಳಮೈ ಕೆತ್ತಿದರೆ ಸಾಕು. ಹೊರಗಿನ ಅಳತೆ ಹಾಗೆಯೇ ಉಳಿಯುತ್ತದೆ, ಆನೆಯೂ ಉಳಿಯುತ್ತದೆ. ಅಷ್ಟರಲ್ಲಿ ಬೂಬ ಮಾವ ಅಂಗಳಕ್ಕೆ ಇಳಿದರು.

“ಅಣ್ಣೂ, ನೀನು ಅಳೆದದ್ದು ಹೊರಗಿನಿಂದಲಾ ಒಳಗಿನಿಂದಲಾ?”

“ಮರದ ನಡುವಿನಿಂದ.”

“ಒಳಗೆ ಕೆತ್ತಿದ್ರೆ?”

“ನಡು ಆಚೆ ಹೋಗ್ತದೆ.”

“ಆಗ ಯಾವ ಆಯ?”

ಅಣ್ಣು ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸಿದ. ಮತ್ತೊಮ್ಮೆ ಓಡಿಸಿದ. “ಆನೆಗೂ ಕಾಗೆಗೂ ನಡುವೆ ಬರ್ತದೆ,” ಎಂದ.

“ಅಂಥದ್ದು ನನ್ನ ಮಾಡಿನ ಅಡಿಯಲ್ಲಿ ಬೇಡ,” ಎಂದರು ಮಾವ. “ಕೆತ್ತುವುದಾದ್ರೆ ಸ್ಟ್ಯಾಂಡು, ಎಂಜಿನು, ನೀನು, ಮೂರೂ ಹೊರಗೆ.”

“ಬಂದರಿನ ಆ ಕಬ್ಬಿಣದ್ದು ತಂದಿದ್ರೆ ಅದರ ಆಯ ಯಾರು ನೋಡ್ತಿದ್ರು ಮಾವ?”

“ಪೇಟೆಯಿಂದ ಕೊಂಡದ್ದಕ್ಕೆ ನಾವು ಹೊಣೆ ಅಲ್ಲ, ಅದು ಮಾಡಿದವನ ತಲೆಗೆ. ಚಾವಡಿಯ ಗಡಿಯಾರದ ಆಯ ನಾನು ಕೇಳಿದ್ದೇನಾ? ಮನೆಯಲ್ಲಿ ಮಾಡಿಸಿದ್ದಕ್ಕೆ ಮನೆಯವನು ಉತ್ತರ ಕೊಡ್ಬೇಕು.”

“ಮಾಡಿಸು ಅಂದದ್ದು ನೀವೇ ಅಲ್ವಾ?”

“ಹೌದು. ಸರಿಯಾಗಿ ಮಾಡಿಸು ಅಂದೆ.”

ಸರಿಯಾಗಿ ಎಂಬ ಮಾತು ಬಂದಿತ್ತೋ ಇಲ್ಲವೋ ಮೋಹನದಾಸನಿಗೆ ನೆನಪಾಗಲಿಲ್ಲ. ಹಾಗೆಯೇ ಬಂದರಿಗೆ ನಡೆದ. ಕಬ್ಬಿಣದ ಸ್ಟ್ಯಾಂಡ್ ಇದ್ದ ಜಾಗದಲ್ಲಿ ಹಳೇ ಬಾಲ್ದಿಗಳ ರಾಶಿ ಇತ್ತು.

“ಅದು ಹೋಯ್ತು,” ಎಂದ ಯೂಸುಫ್. “ಬ್ಯಾಂಡಿನವರು ಕೊಂಡುಹೋದ್ರು. ಡೋಲು ಇಡ್ಲಿಕ್ಕೆ ಆಗ್ತದಾ ಕೇಳಿದ್ರು. ಡೋಲಿಗೇ ಮಾಡಿದ್ದು ಅಂದೆ.”

ಮೋಹನದಾಸ ಬಾಲ್ದಿಯೊಂದನ್ನು ಮಗುಚಿ ಕೂತು, ಆದದ್ದೆಲ್ಲ ಹೇಳಿದ. ಕಾಗೆ, ಆನೆ, ನಡುವಿನ ಪ್ರಾಣಿ, ಎಲ್ಲ. ಯೂಸುಫ್ ನಗಲಿಲ್ಲ. ವ್ಯಾಪಾರದ ವಿಷಯದಲ್ಲಿ ಅವನು ನಗುವವನಲ್ಲ.

“ನಿನ್ನ ಮಾವನಿಗೆ ಮಾಡಿಸಿದ್ದು ಆಗುವುದಿಲ್ಲ, ಕೊಂಡದ್ದು ಆಗ್ತದೆ. ಅಷ್ಟೇ ಅಲ್ವಾ? ಅದನ್ನು ಇಲ್ಲಿಗೆ ತಾ, ನನಗೆ ಮಾರು. ಮತ್ತೆ ನನ್ನಿಂದ ಕೊಳ್ಳು.”

“ಅದೇ ಸ್ಟ್ಯಾಂಡಾ?”

“ನಿನಗೆ ಬೇರೆ ಬೇಕಾ?”

ಇದರಲ್ಲಿ ಎಲ್ಲೋ ತಪ್ಪಿದೆ ಎನಿಸಿತು. ಎಲ್ಲಿ ಎಂದು ಹುಡುಕಿದರೆ ಸಿಗಲಿಲ್ಲ. ಮರುದಿನ ಬೆಳಿಗ್ಗೆ ಸ್ಟ್ಯಾಂಡನ್ನು ತಲೆಯ ಮೇಲೆ ಹೊತ್ತು ಹೊರಟ. ಬಿಜೈಯಲ್ಲಿ ಮೀನಿನ ಬುಟ್ಟಿ ಇಳಿಸಿ ಕೂತಿದ್ದ ಹೆಂಗಸೊಬ್ಬಳು, “ಎಂತ ಅಣ್ಣ, ತೊಟ್ಟಿಲಾ? ಗಂಡಾ ಹೆಣ್ಣಾ?” ಎಂದು ಕೇಳಿದಳು. ಅವನು ನಡಿಗೆ ಚುರುಕು ಮಾಡಿದ.

ಯೂಸುಫ್ ಸ್ಟ್ಯಾಂಡನ್ನು ಒಂದು ಕಟ್ಟು ಬೀಡಿಗೆ ಕೊಂಡ. ಅಂಗಡಿಯ ಒಳಗೆ ಇಟ್ಟು, ಧೂಳು ಒರೆಸಿ, ಮತ್ತೆ ಹೊರಗೆ ತಂದ. ಮಾರುವಾಗ ಎರಡು ಕಟ್ಟು ಕೇಳಿದ.

“ಎರಡು ಎಂತಕ್ಕೆ ಬ್ಯಾರಿಗಳೇ?”

“ಒಂದಕ್ಕೇ ಕೊಟ್ರೆ ಅದು ತಮಾಷೆ, ವ್ಯಾಪಾರ ಅಲ್ಲ. ನಿನ್ನ ಮಾವ ಒಪ್ಪುವುದಿಲ್ಲ.”

ಅದೂ ಸರಿ ಇತ್ತು. ಮನೆ ಮುಟ್ಟಿದಾಗ ಮಾವ ಅಂಗಳದಲ್ಲೇ ನಿಂತಿದ್ದರು.

“ಎಲ್ಲಿಂದ ಇದು?”

“ಬಂದರಿನಿಂದ. ಯೂಸುಫ್ ಬ್ಯಾರಿಯ ಹತ್ತಿರ ಕೊಂಡದ್ದು.”

ಮಾವ ಸ್ಟ್ಯಾಂಡಿಗೆ ಒಂದು ಸುತ್ತು ಬಂದರು. ತಮ್ಮದೇ ಅಟ್ಟದ ಹಲಸಿನ ಮರದ ಮೇಲೆ ಕೈಯಾಡಿಸಿದರು.

“ಎಷ್ಟಕ್ಕೆ?”

“ಎರಡು ಕಟ್ಟು ಬೀಡಿಗೆ.”

“ಅವನಿಗೆ ಎಷ್ಟಕ್ಕೆ ಬಿದ್ದದ್ದು?”

“ಒಂದಕ್ಕೆ.”

“ಕಳ್ಳ,” ಎಂದು ಮಾವ ಒಳಗೆ ಹೋದರು.

ಅದು ಒಪ್ಪಿಗೆಯೋ ಅಲ್ಲವೋ ತಿಳಿಯಲಿಲ್ಲ. ಒಪ್ಪಿಗೆಯೆಂದೇ ಹಿಡಿದು ಮೋಹನದಾಸ ಕೆತ್ತಲು ಕೂತ. ಉಳಿಯ ಸದ್ದಿಗೆ ಅಣ್ಣು ಹಟ್ಟಿಯ ಕಡೆಯಿಂದ ಬಂದು ಇಣುಕಿದ.

“ನೋವಾಗ್ತದಾ ಆಚಾರ್ರೇ?”

“ನನಗೆ ಎಂತಕ್ಕೆ? ಅದು ಬಂದರಿನ ಮಾಲು,” ಎಂದು ಹಿಂದೆ ಹೋದ.

ಆದಿತ್ಯವಾರ ಬೆನೆಡಿಕ್ಟ್ ಪೂಜೆ ಮುಗಿಸಿ ನೇರ ಇಗರ್ಜಿಯಿಂದಲೇ ಬಂದರು. ಎಂಜಿನು ಸ್ಟ್ಯಾಂಡಿನಲ್ಲಿ ಕೂತಿತ್ತು. ಅವರು ಎರಡು ಕೈಯಿಂದ ನೂಕಿ ನೋಡಿದರು. ಅಲುಗಲಿಲ್ಲ. ರೆಕ್ಕೆಗಳನ್ನು ಬೆರಳಿನಿಂದ ಎಣಿಸಿದರು. ಹೊಸದಾಗಿ ಒಂದೂ ಮುರಿದಿರಲಿಲ್ಲ.

“ಅಡ್ಡಿ ಇಲ್ಲ. ಕೊಂಡದ್ದಾ, ಮಾಡಿಸಿದ್ದಾ?”

ಮೋಹನದಾಸ ಬಾಯಿ ತೆರೆದ. ಚಾವಡಿಯಲ್ಲಿ ಮಾವ ಅಡಿಕೆಯ ಕತ್ತರಿ ಹಿಡಿದು ಕೂತಿದ್ದರು, ಕತ್ತರಿಸುತ್ತಿರಲಿಲ್ಲ. ಅವರ ಭಯ ಬಿಟ್ಟು ನಿಜ ಹೇಳೋಣವೆಂದರೂ ನಿಜ ಯಾವುದೆಂದು ಅವನಿಗೇ ಗೊತ್ತಿರಲಿಲ್ಲ.

“ನಿಮ್ಮ ಎಂಜಿನು ಬುಧವಾರ ಆಗ್ತದೆ ಪೊರ್ಬುಗಳೇ,” ಎಂದ. “ಯಾಕೆ ಕೇಳಿದ್ದು, ಬೇರೆ ಎಂಜಿನು ಉಂಟಾ?”

“ಉಂಟು. ನನ್ನ ಭಾವನದ್ದು. ನಿನ್ನ ಹತ್ತಿರವೇ ಕೊಡ್ಲಿಕ್ಕೆ ಹೇಳ್ತೇನೆ.” ಬೆನೆಡಿಕ್ಟ್ ಪಟ್ಟಿಗಳ ನಡುವೆ ಗೇಣು ಹಾಕಿ ನೋಡಿದರು. “ಆದ್ರೆ ಅದು ಇದಕ್ಕಿಂತ ಸ್ವಲ್ಪ ಅಗಲ ಉಂಟು.”