ಒಪಲ್ ಮನೆಯಲ್ಲಿ ಜನ ಇದ್ದಾರೆ

"ಇದನ್ನ ಅಂಟಿಸಿದ ಮಹಾನುಭಾವರು ಯಾರು?"

ವರ್ಲೀನ್ ಪಕ್ಕದ ಮನೆಯ ಜಗಲಿಯ ಮೇಲೆ ನಿಂತು ಬಾಗಿಲಿನ ಚೀಟಿಯನ್ನು ಕಿತ್ತೇಬಿಡುವವಳಂತೆ ಕೈ ಎತ್ತಿದ್ದಳು. ಕಿತ್ತಳೆ ಬಣ್ಣದ ಚೀಟಿ. ಅದರ ಅರ್ಥ ಆ ಬೀದಿಯಲ್ಲಿ ಓದು ಬಾರದವರಿಗೂ ಗೊತ್ತಿತ್ತು. ಮನೆ ಕೆಡವುತ್ತಾರೆ.

"ನಾನೇ, ಮಿಸ್ ವರ್ಲೀನ್," ಅಂದಳು ಕೆಳಗೆ ಹುಲ್ಲಿನ ಮೇಲೆ ನಿಂತಿದ್ದ ಡಾನಿಕಾ.

ಡಾನಿಕಾ ಲ್ಯಾಂಡ್ ಬ್ಯಾಂಕಿನವಳು. ಅದು ಹೆಸರಿಗೆ ಮಾತ್ರ ಬ್ಯಾಂಕು, ಅದರ ತಿಜೋರಿಯಲ್ಲಿ ಇರುವುದೆಲ್ಲ ಹಾಳು ಮನೆ, ಪಾಳು ನೆಲ. ತೆರಿಗೆ ಕಟ್ಟುವವರಿಲ್ಲದೆ ಸರಕಾರದ ಪಾಲಾದ ಮನೆಗಳನ್ನು ಅದು ವಶಕ್ಕೆ ತೆಗೆದುಕೊಳ್ಳುತ್ತದೆ. ರಿಪೇರಿಯಾಗುವಂಥದ್ದನ್ನು ರಿಪೇರಿ ಮಾಡಿಸಿ ಸಂಸಾರಸ್ಥರಿಗೆ ಕೊಡುತ್ತದೆ, ಆಗದ್ದನ್ನು ಕೆಡವುತ್ತದೆ. ಕಾರಿನ ಕಾರ್ಖಾನೆ ಮುಚ್ಚಿದ ಮೇಲೆ ಮಿಷಿಗನ್ನಿನ ಈ ಊರಲ್ಲಿ ಬೇರೆ ಯಾರಿಗೆ ಕೆಲಸವಿಲ್ಲದಿದ್ದರೂ ಲ್ಯಾಂಡ್ ಬ್ಯಾಂಕಿಗೆ ಕೈತುಂಬ ಕೆಲಸ.

"ನಿನ್ನನ್ನ ಸ್ಕೂಲ್ ಬಸ್ಸಲ್ಲಿ ಕೂರಿಸ್ಕೊಂಡು ಬಸ್ ಓಡಿಸಿದವಳು ನಾನು. ಮೂಗು ಸೋರಿಸ್ಕೊಂಡು ಹತ್ತುತಿದ್ದೆ. ಈಗ ನಮ್ಮ ಬೀದಿ ಮನೆ ಕೆಡವೋಷ್ಟು ದೊಡ್ಡವಳಾದ್ಯಾ?"

"ನಂಗೇನು ಆಸೇನಾ ಮಿಸ್ ವರ್ಲೀನ್? ಒಳಗೆ ಹೋಗಿ ನೋಡಿದೀರಾ ನೀವು?"

ನೋಡದೇ ಏನು! ಮುಂದಿನ ಕೋಣೆಯ ಪರದೆಗಳನ್ನು ಋತುವಿಗೊಂದರಂತೆ ಬದಲಾಯಿಸುತ್ತಿದ್ದವಳೇ ವರ್ಲೀನ್. ಮನೆ ಅವಳ ಗೆಳತಿ ಒಪಲ್‌ಳದು. ಇಬ್ಬರೂ ಒಂದೇ ಚರ್ಚಿನ ಹಾಡಿನ ಗುಂಪಿನಲ್ಲಿದ್ದವರು. ಒಂದೇ ಬೇಲಿಯ ಮೇಲೆ ಮೊಣಕೈ ಊರಿ ಇಡೀ ಊರಿನ ಸುದ್ದಿಯನ್ನು ಅರೆದು ಕುಡಿದವರು. ಒಪಲ್ ಸೊಂಟ ಮುರಿದುಕೊಂಡು ಅಲಬಾಮಾದ ತಂಗಿಯ ಮನೆಗೆ ಹೊರಟಾಗ ಬೀಗದ ಕೈಯನ್ನು ವರ್ಲೀನ್‌ಳ ಕೈಯಲ್ಲಿಟ್ಟು, "ಮನೆ ಹಾಳು ಸುರಿಯೋ ಹಾಗೆ ಬಿಡಬೇಡ್ವೇ," ಅಂದಿದ್ದಳು. ಅಲ್ಲಿಂದ ಬಂದದ್ದು ಅವಳ ಸಾವಿನ ಸುದ್ದಿ. ಮಕ್ಕಳಿರಲಿಲ್ಲ. ತಂಗಿಗೆ ಈ ಚಳಿಯೂರಿನ ಮನೆ ಬೇಕಿರಲಿಲ್ಲ, ಅದರ ತೆರಿಗೆ ಬಾಕಿ ಬಿತ್ತು.

ಮನೆ ಖಾಲಿ ಅಂತ ಗೊತ್ತಾದರೆ ಮುಗಿಯಿತು. ಮೊದಲು ಕಳ್ಳರು ಗೋಡೆ ಒಡೆದು ತಾಮ್ರದ ಪೈಪು ಎಳೆಯುತ್ತಾರೆ, ಆಮೇಲೆ ಯಾರೋ ಬೆಂಕಿ ಇಡುತ್ತಾರೆ. ಅದಕ್ಕೇ ಆ ಬೀದಿಯವರು ಖಾಲಿ ಮನೆಯಲ್ಲಿ ಜನ ಇದ್ದಾರೆಂದು ತೋರಿಸುವ ವಿದ್ಯೆ ಕಲಿತಿದ್ದರು. ಹುಲ್ಲು ಕತ್ತರಿಸುವುದು, ಸ್ವಂತ ಕಾರನ್ನು ಅಲ್ಲಿ ನಿಲ್ಲಿಸುವುದು, ಅಕ್ಟೋಬರಿನ ಹಬ್ಬಕ್ಕೆ ಎಲ್ಲರ ಮನೆಯಂತೆ ಜಗಲಿಗೆ ಕುಂಬಳಕಾಯಿ ಇಡುವುದು. ಹಿಮ ಬಿದ್ದಾಗ ವರ್ಲೀನ್ ರಸ್ತೆಯಿಂದ ಬಾಗಿಲವರೆಗೆ ನಡೆದು, ಅಲ್ಲಿ ಕಾಲು ಕೊಡವಿ, ವಾಪಸ್ಸು ನಡೆದು ಬರುತ್ತಿದ್ದಳು. ಹೆಜ್ಜೆ ಗುರುತು ಕಾಣಬೇಕಲ್ಲ!

"ಸತ್ತವಳ ಸಂಸಾರ ಇಷ್ಟು ಚೆಂದ ನಡೆಸ್ತೀಯಲ್ಲ, ಬದುಕಿರೋ ನನ್ನ ಹುಲ್ಲನ್ನೂ ಒಂಚೂರು ಕತ್ತರಿಸಬಾರದಾ?" ಅಂತ ಎದುರುಮನೆಯ ರಾಸ್ಕೋ ಛೇಡಿಸುತ್ತಿದ್ದ. "ನೀನೂ ಸಾಯಿ, ಆಮೇಲೆ ನೋಡೋಣ," ಅನ್ನುತ್ತಿದ್ದಳು.

ಈಗ ಡಾನಿಕಾ ಬಾಗಿಲು ತೆರೆದು ಅವಳನ್ನು ಒಳಗೆ ಕರೆದುಕೊಂಡು ಹೋದಳು. ಚಳಿಗಾಲದ ಪರದೆ ಹಾಕಿದ ಮೇಲೆ ಅವಳು ಒಳಗೆ ಬಂದಿರಲಿಲ್ಲ, ಮುಂದಿನ ಕೋಣೆ ಇದ್ದಂತೆಯೇ ಇತ್ತು. ಮಹಡಿಗೆ ಮಾತ್ರ ವರ್ಲೀನ್ ಒಮ್ಮೆಯೂ ಹೋಗಿರಲಿಲ್ಲ. ಅಲ್ಲಿ ಒಪಲ್‌ಳ ಮಂಚವಿತ್ತು, ನೋಡುವ ಧೈರ್ಯವಿರಲಿಲ್ಲ. ಈಗ ಮೆಟ್ಟಿಲು ಹತ್ತುವ ಮೊದಲೇ ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು. ಮೇಲೆ ಬಚ್ಚಲಿನ ಗೋಡೆ ಬಾಯಿಬಿಟ್ಟಿತ್ತು. ನೆಲ ಉಬ್ಬಿ, ಅದರಡಿಯ ಹಿಂದಿನ ಕೋಣೆಯ ಛಾವಣಿ ಪೂರ್ತಿ ಕುಸಿದಿತ್ತು. ಗೋಡೆಗಳೆಲ್ಲ ಕಪ್ಪು ಬೂಷ್ಟು.

"ಪೈಪಲ್ಲಿ ನೀರು ಹೆಪ್ಪುಗಟ್ಟಿ ಒಡೆದಿದೆ," ಅಂದಳು ಡಾನಿಕಾ. "ಚಳಿಗಾಲ ಪೂರ್ತಿ ನೀರು ಸುರಿದಿದೆ. ತೊಲೆಗಳೂ ಕೊಳೆತಿವೆ."

ಹಿಂದುಗಡೆ ಕಿಟಕಿಯ ಕೆಳಗೆ ಮಂಜುಗಡ್ಡೆ ಜೋತಾಡುವುದನ್ನು ವರ್ಲೀನ್ ಜನವರಿಯಲ್ಲಿ ನೋಡಿದ್ದಳು. ಸೂರಿನ ನೀರು ಅಂದುಕೊಂಡಿದ್ದಳು.

"ರಿಪೇರಿ ಮಾಡಿಸಿ," ಅಂದಳು. "ನೀವು ಮಾಡಿಸ್ತೀರಲ್ಲ? ಯಾರಾದ್ರೂ ಮಕ್ಕಳೊಂದಿಗರಿಗೆ ಕೊಡಿ. ಬೀದಿಯಲ್ಲಿ ಮಕ್ಕಳ ಸದ್ದು ಕೇಳಿ ಎಷ್ಟು ಕಾಲ ಆಯ್ತು. ಅವಳ ಮನೇಲಿ ದೀಪ ಹತ್ತಲಿ, ಅಷ್ಟೇ ನಾನು ಕೇಳೋದು."

"ಹೋದ ವರ್ಷ ಆಗಿದ್ರೆ ಖಂಡಿತ ಮಾಡಿಸ್ತಿದ್ವಿ ಮಿಸ್ ವರ್ಲೀನ್. ಆಸ್ಪತ್ರೆ ನರ್ಸ್ ಒಬ್ಳು, ಮೂರು ಮಕ್ಕಳು, ಇದೇ ಬೀದೀಲಿ ಮನೆ ಬೇಕು ಅಂತ ನಮ್ಮ ಆಫೀಸಿಗೆ ಅಲೀತಿದ್ಲು. ಬೇಸಿಗೇಲಿ ನಮ್ಮ ಮನುಷ್ಯ ಬಂದು ಒಂದೊಂದು ಮನೇನೂ ನೋಡಿ ಹೋದ. ಇದರಲ್ಲಿ ಜನ ಇದ್ದಾರೆ ಅಂದ. ಜನ ಇರೋ ಮನೆಗೆ ನಾವು ಕೈ ಹಾಕಲ್ಲ. ಖಾಲಿ ಅಂತ ಗೊತ್ತಿದ್ದಿದ್ರೆ ಚಳಿಗೆ ಮುಂಚೆ ನೀರು ನಿಲ್ಲಿಸಿ, ಪೈಪೆಲ್ಲ ಬರಿದು ಮಾಡಿಸ್ತಿದ್ವಿ. ನೀರಿನ ಬಿಲ್ಲು ಏರಿದ ಮೇಲೇ ನಮಗೆ ಗೊತ್ತಾಗಿದ್ದು." ಡಾನಿಕಾ ಬಾಯಿಬಿಟ್ಟ ಗೋಡೆಯನ್ನೇ ನೋಡುತ್ತಿದ್ದಳು. "ಅವನಿಗೆ ಹಾಗೆ ಹೇಳಿದವರು ಯಾರೋ."

ವರ್ಲೀನ್‌ಗೆ ಆ ಮನುಷ್ಯ ಕಣ್ಣಿಗೆ ಕಟ್ಟಿದ. ಬೆವರು ಒರೆಸಿಕೊಳ್ಳುತ್ತಿದ್ದ, ಮರ್ಯಾದಸ್ಥ. ಇಲ್ಲಿ ಯಾರಾದರೂ ಇದ್ದಾರಾ ಅಂತ ಕೇಳಿದ್ದಕ್ಕೆ ಅವಳು ರೆಪ್ಪೆ ಮಿಟುಕಿಸದೆ, "ಇದಾಳಪ್ಪ, ಸ್ನಾನಕ್ಕೆ ಹೋಗಿದಾಳೆ. ಗಂಟೆಗಟ್ಟಲೆ ಹಾಡ್ಕೊಂಡು ಸ್ನಾನ ಮಾಡ್ತಾಳೆ ಪುಣ್ಯಾತ್ಗಿತ್ತಿ," ಅಂದಿದ್ದಳು. ಕಳ್ಳರಿಗೆ ಹೇಳುವುದನ್ನೇ ಅವನಿಗೂ ಹೇಳಿದ್ದಳು. ಆ ಸಂಜೆ ರಾಸ್ಕೋನ ಜಗಲಿಯಲ್ಲಿ ಇಬ್ಬರೂ ಇದನ್ನು ನೆನೆಸಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು.

"ನಾನು," ಅಂದಳು.

"ಏನು?"

"ನಾನೇ ಕಣೆ ಹೇಳಿದ್ದು. ಮನೆ ಉಳೀಲಿ ಅಂತ."

ಡಾನಿಕಾ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ವರ್ಲೀನ್‌ಳ ಮೊಣಕೈ ಹಿಡಿದು, ಉಬ್ಬಿದ ಹಲಗೆಗಳನ್ನು ತಪ್ಪಿಸಿ, ಮಗುವನ್ನು ಇಳಿಸುವಂತೆ ಮೆಟ್ಟಿಲಿಳಿಸಿದಳು. ವರ್ಲೀನ್‌ಗೆ ನಾಚಿಕೆಯಾಯಿತು. ಒಪಲ್‌ಳ ಮನೆಯನ್ನು ಕಳ್ಳರೂ ಮುಟ್ಟಲಿಲ್ಲ, ಬೆಂಕಿಯೂ ಮುಟ್ಟಲಿಲ್ಲ. ಅದನ್ನು ಕಳೆದವಳು ತಾನೇ.

"ಆ ನರ್ಸು?" ಬಾಗಿಲಲ್ಲಿ ಕೇಳಿದಳು.

"ಬೇರೆ ಕಡೆ ಸಿಕ್ತು. ನದಿ ಆಚೆ."

ಮೇ ತಿಂಗಳ ಒಂದು ಬೆಳಗ್ಗೆ ದೊಡ್ಡ ಯಂತ್ರ ಬಂತು. ಮಧ್ಯಾಹ್ನದ ಊಟದ ಹೊತ್ತಿಗೆ ಮನೆಯಿರಲಿಲ್ಲ. ರಾಸ್ಕೋ ರಸ್ತೆಯಾಚೆ ಟೊಪ್ಪಿ ತೆಗೆದು ನಿಂತಿದ್ದ. ಗುಂಡಿ ಮುಚ್ಚಿ, ಮಣ್ಣು ಹರಡಿ, ಹುಲ್ಲಿನ ಬೀಜ ಎರಚಿ ಹೋದರು.

ವಾರದೊಳಗೆ ಡಾನಿಕಾ ಮತ್ತೆ ಬಂದಳು. "ಖಾಲಿ ಜಾಗ ಮೊದಲು ಪಕ್ಕದ ಮನೆಯವರಿಗೇ ಕೊಡೋದು ಮಿಸ್ ವರ್ಲೀನ್. ಬೇಲಿ ತೆಗೆದು ನಿಮ್ಮ ಹಿತ್ತಿಲಿಗೆ ಸೇರಿಸ್ಕೊಳಿ. ಬೀನ್ಸ್ ಹಾಕಿ, ಟೊಮ್ಯಾಟೊ ಹಾಕಿ. ಎಲ್ಲರೂ ಹಾಗೇ ಮಾಡ್ತಾರೆ."

"ನಂಗೆ ಹಿತ್ತಿಲು ಬೇಕಿರಲಿಲ್ಲ ಚಿನ್ನ, ನೆರೆಮನೆ ಬೇಕಿತ್ತು."

ಆದರೂ ಸಹಿ ಹಾಕಿದಳು. ಪಾಳು ಬಿಟ್ಟರೆ ಹಳೇ ಟೈರು ತಂದು ಸುರಿಯುತ್ತಾರೆ.

ಡಾನಿಕಾ ಹೋದ ಮೇಲೆ ಅವಳು ಒಲೆಯ ಮೇಲೆ ಕಾಫಿಗಿಟ್ಟು ಮೇಜಿನ ಮುಂದೆ ಕೂತಳು. ಅಡುಗೆಮನೆಯ ಪಡುವಣ ಕಿಟಕಿಗೆ ಒಪಲ್‌ಳ ಗೋಡೆ ಯಾವಾಗಲೂ ಅಡ್ಡವಿತ್ತು, ಹಗಲಲ್ಲೂ ಅಲ್ಲಿ ದೀಪ ಹಾಕಬೇಕಿತ್ತು. ಈಗ ಇಳಿಬಿಸಿಲು ಅಡೆತಡೆಯಿಲ್ಲದೆ ಒಳಗೆ ನುಗ್ಗಿ ಮೇಜು, ಸಕ್ಕರೆ ಡಬ್ಬಿ, ಅವಳ ಎರಡೂ ಕೈಗಳ ಮೇಲೆ ಬಿದ್ದಿತ್ತು. ಕೈಗಳು ಬೆಚ್ಚಗಾದವು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎದ್ದು, ಕುರ್ಚಿಯನ್ನು ಇನ್ನೊಂದು ಬದಿಗೆ ಎಳೆದುಕೊಂಡು, ಕಿಟಕಿಗೆ ಬೆನ್ನು ಮಾಡಿ ಕೂತಳು.