ಬ್ಯಾಟರಿ ಅಣ್ಣನ ಹತ್ತಿರ ಇದೆ

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಬೆರಳಿನಿಂದ ಶುರು ಮಾಡಿದರೆ ಹೆದರಿ ಪುಟ ಮಗುಚುತ್ತೀರಿ. ಬೇಲಿಯಿಂದ ಶುರು ಮಾಡಿದರೆ ಆಕಳಿಸುತ್ತೀರಿ. ಮೊದಲ ಡ್ರಾಫ್ಟ್ ಮೆಷಿನ್‌ನಿಂದ ಶುರುವಾಗಿತ್ತು. ಓದಿ ನೋಡಿದರೆ ಡಬ್ಬಿಯೊಳಗಿನ ಸೂಚನಾ ಪತ್ರದ ಹಾಗಿತ್ತು, ಅಳಿಸಿಬಿಟ್ಟೆ. ಜಗಳದಿಂದಲೇ ಶುರು ಮಾಡೋಣ. ಜಗಳ ಅಂದರೆ ಯಾರಾದರೂ ಕಿವಿಗೊಡುತ್ತಾರೆ.

೨
ಅಣ್ಣ ತಮ್ಮಂದಿರು ಅಕ್ಕಪಕ್ಕದ ಮನೆಯವರು. ನಡುವೆ ಎದೆಮಟ್ಟದ ಹಸಿರು ಬೇಲಿ. ಅಣ್ಣ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸಿ ನಿವೃತ್ತನಾದವನು. ಈಗಲೂ ಯಾರ ಪಕ್ಕ ಕೂತರೂ ಅವನ ಬಲಗಾಲು ಬ್ರೇಕ್ ಹುಡುಕುತ್ತದೆ. ತಮ್ಮ ಟೇಲರ್, ಗುಂಡಿಗೆ ಕಾಜಾ ಹೊಲಿಯುವುದರಲ್ಲಿ ಎತ್ತಿದ ಕೈ. ಇಬ್ಬರೂ ಪಾಲು ಹಾಕಿ ಬೇಲಿ ಕತ್ತರಿಸುವ ಬ್ಯಾಟರಿ ಮೆಷಿನ್ ತಂದರು.

ಮೊದಲ ದಿನವೇ ಅದರ ಹಲ್ಲುಗಳ ಮಧ್ಯೆ ಕಡ್ಡಿ ಸಿಕ್ಕಿಕೊಂಡಿತು. ವೈರ್ ಇದ್ದಿದ್ದರೆ ತಮ್ಮ ಪ್ಲಗ್ ಕೀಳುತ್ತಿದ್ದ. ವೈರ್ ಇರಲಿಲ್ಲ, ಹಾಗಾಗಿ ಭಯವೂ ಇರಲಿಲ್ಲ. ಬ್ಯಾಟರಿ ತೆಗೆಯದೆ, ನೂಲಿನ ಸಿಕ್ಕು ಬಿಡಿಸುವ ಹಾಗೆ ಬೆರಳು ಹಾಕಿದ.

"ಕೈ ತೆಗಿಯೋ ದಡ್ಡ! ಏನ್ ಹೊಲಿಗೆ ಮೆಷಿನ್ ಅನ್ಕೊಂಡಿದೀಯಾ?"

ಅಣ್ಣನ ಕೂಗು ಬೀದಿಗೆಲ್ಲ ಕೇಳಿಸಿತು. ಅಳತೆ ಕೊಡಲು ಬಂದ ಗಿರಾಕಿಗಳು ಗೇಟಿನಲ್ಲೇ ನಿಂತಿದ್ದರು. ತಮ್ಮನ ಮಾನ ಹರಾಜಾಯಿತು. ಅಣ್ಣ ಬ್ಯಾಟರಿ ಕಿತ್ತುಕೊಂಡು ಮನೆಗೆ ಹೋದ, ಮೆಷಿನ್ ತಮ್ಮನ ಬಳಿ ಉಳಿಯಿತು, ಮಾತು ನಿಂತಿತು.

(ಆ ವರ್ಷವಿಡೀ ಲೋಕದಲ್ಲಿ ಅದಕ್ಕಿಂತ ಸುರಕ್ಷಿತವಾದ ಮೆಷಿನ್ ಇರಲಿಲ್ಲ. ನಷ್ಟವಾದದ್ದು ನನಗೆ, ಕಥೆ ಬರೆಯುವವನಿಗೆ.)

೩
ಬೇಲಿ ಬೆಳೆಯಿತು, ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು. ತಮ್ಮನಿಗೆ ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಬೆಳಿಗ್ಗೆ ಅಣ್ಣ ಕೆಮ್ಮುವುದು ಕೇಳಿಸದಿದ್ದರೆ ಕತ್ತರಿ ಕೆಳಗಿಟ್ಟು ಕಾಯುತ್ತಿದ್ದ. ಕೇಳಿಸಿದ ಮೇಲೆ "ಇದಾನೆ ಮಹಾರಾಯ" ಎಂದು ಗೊಣಗಿ ಮತ್ತೆ ಬಟ್ಟೆಗೆ ಕತ್ತರಿ ಹಾಕುತ್ತಿದ್ದ. ಅವನಿಗೆ ಅಣ್ಣ ಬೇಕಾಗಿದ್ದ. (ಇದನ್ನು ಸುತ್ತಿ ಬಳಸಿ ಹೇಳಿದರೆ ಸಾಹಿತ್ಯವಂತೆ. ನನಗೆ ಅಷ್ಟು ತಾಳ್ಮೆಯಿಲ್ಲ.)

೩, ಮತ್ತೊಮ್ಮೆ
ನನಗೆ ಕಥೆ ಮುಗಿಯಬೇಕು. ತಮ್ಮನಿಗೆ ಹೊಸ ಬ್ಯಾಟರಿ ಕೊಡಿಸಿದೆ. ಜೋಲುವ ತೋಳಿನ ಅಂಗಿ ತೊಡಿಸಿ, ಕನ್ನಡಕ ಕಿತ್ತುಕೊಂಡು, ಕಾಲಿಗೆ ಸವೆದ ಚಪ್ಪಲಿ ಕೊಟ್ಟು, ಒದ್ದೆ ಹುಲ್ಲಿನ ಮೇಲಿಟ್ಟ ಕುರ್ಚಿ ಹತ್ತಿಸಿದೆ.

ಅವನು ಇಳಿದುಬಿಟ್ಟ.

"ಸ್ವಾಮಿ, ನಿಮ್ಮ ಪ್ಲಾನ್ ಗೊತ್ತಾಯ್ತು. ನನ್ನ ಬೆರಳು ಹೋಗುತ್ತೆ, ಅಣ್ಣ ಓಡಿ ಬಂದು ತಬ್ಕೋತಾನೆ, ಓದೋರು ಕಣ್ಣು ಒರೆಸ್ಕೋತಾರೆ. ಆಮೇಲೆ ಕಾಜಾ ಯಾರು ಹೊಲೀತಾರೆ, ನೀವಾ?"

"ಬರೀ ತುದಿ ಸಾಕು," ಎಂದೆ.

"ನಿಮ್ಮದು ಕೊಡಿ."

ನನಗೆ ಟೈಪ್ ಮಾಡುವುದಿದೆಯಲ್ಲ. ಡ್ರಾಫ್ಟ್ ಕಸದ ಬುಟ್ಟಿಗೆ ಹೋಯಿತು.

೫
(ನಾಲ್ಕರಲ್ಲಿ ಅತ್ತಿಗೆ ಬಂದು, ಇಬ್ಬರಿಗೂ ಚೆನ್ನಾಗಿ ಉಗಿದು, ಒಂದೇ ಪ್ಯಾರಾದಲ್ಲಿ ಕಥೆ ಮುಗಿಸಿದರು. ಹೊಟ್ಟೆಕಿಚ್ಚಿಗೆ ಅದನ್ನು ತೆಗೆದೆ.)

ತಮ್ಮ ತಾನಾಗಿಯೇ ಹೊರಟ. ಮೈಗಂಟಿದ ಅಂಗಿ, ಬೂಟು, ಕನ್ನಡಕ, ದಪ್ಪ ಕೈಗವಸು. ಮೆಷಿನ್ ಹೊತ್ತು ಅಣ್ಣನ ಬಾಗಿಲು ತಟ್ಟಿದ.

"ಬ್ಯಾಟರಿ ಇದೆಯಾ, ಇಲ್ಲ ಎಸೆದ್ಬಿಟ್ಯಾ?"

ಅಣ್ಣ ಕೈಗವಸು ಬಿಚ್ಚಿಸಿ, ತಮ್ಮನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ.

"ಆವತ್ತು ನನ್ನ ಜೀವ ಬಾಯಿಗೆ ಬಂದಿತ್ತು ಕಣೋ. ಕಲಿಯೋರ ಕಾರಲ್ಲಾದ್ರೆ ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತೆ. ಇಲ್ಲೇನಿತ್ತು?"

"ಮೆಲ್ಲಗೆ ಹೇಳ್ಬಹುದಿತ್ತು."

"ಮೆಲ್ಲಗೆ ಹೇಳೋಷ್ಟು ಹೊತ್ತಿರ್ಲಿಲ್ಲ."

ಬ್ಯಾಟರಿ ತಂದು ಹಾಕಿದ. ಫುಲ್ ಚಾರ್ಜ್ ಇತ್ತು. ವರ್ಷವಿಡೀ ಅಣ್ಣ ಅದನ್ನು ಚಾರ್ಜ್ ಮಾಡುತ್ತಲೇ ಇದ್ದ ಎಂದು ತಮ್ಮನಿಗೆ ಆಗ ಹೊಳೆಯಿತು.

೬
ಮುಕ್ತಾಯಗಳು, ನಿಮಗೆ ಬೇಕಾದ್ದು ಆರಿಸಿಕೊಳ್ಳಿ. ಅ: ಬೇಲಿ ಎದೆಮಟ್ಟಕ್ಕಿಳಿದು ಇಬ್ಬರೂ ನಕ್ಕರು. ಆ: ಎಷ್ಟು ಎತ್ತರಕ್ಕೆ ಕತ್ತರಿಸಬೇಕೆಂದು ಮತ್ತೆ ಜಗಳ. ಇ: ಬೆರಳು. (ನನ್ನ ಆಸೆ ಇನ್ನೂ ಸತ್ತಿಲ್ಲ.)

ಅರ್ಧ ಬೇಲಿ ಕತ್ತರಿಸುವಷ್ಟರಲ್ಲಿ ಹಲ್ಲುಗಳ ಮಧ್ಯೆ ಮತ್ತೆ ಕಡ್ಡಿ ಸಿಕ್ಕಿಕೊಂಡಿತು. ತಮ್ಮ ಮೆಷಿನ್ ನೆಲಕ್ಕಿಟ್ಟು ಅಣ್ಣನ ಮುಖ ನೋಡಿದ. ಅಣ್ಣ ಬ್ಯಾಟರಿ ತೆಗೆದು ಜೇಬಿಗೆ ಹಾಕಿಕೊಂಡ.

"ಈಗ ಹಾಕು ಕೈ."

"ಯಜಮಾನ್ರೇ, ಬ್ಯಾಟರಿ ಕೊಡಿ, ಕಥೆ ಮುಗಿಸ್ಬೇಕು," ಎಂದೆ.

"ಅವನ ಕೈ ಹೊರಗೆ ಬರ್ಲಿ, ಸ್ವಾಮಿ."

ತಮ್ಮ ಒಂದೊಂದೇ ಎಲೆ ಬಿಡಿಸುತ್ತಾ ಅಣ್ಣನ ಜೊತೆ ವರ್ಷದ ಮಾತೆಲ್ಲ ಆಡುತ್ತಿದ್ದಾನೆ. ಕಡ್ಡಿ ಆಗಲೇ ಬಿದ್ದುಹೋಗಿದೆ. ಕೈ ಮಾತ್ರ ಇನ್ನೂ ಅಲ್ಲೇ ಇದೆ.