ತಲೆ ನೋಡಿ ಊಟಕ್ಕೆ ನಿಂತ ಕತ್ತರಿಯಣ್ಣ

ಮನೆಯಲ್ಲಿ ಅಡುಗೆ ಮಾಡುವವರು ನಾಲ್ಕು ದಿನ ಊರಲ್ಲಿಲ್ಲದಿದ್ದರೆ ಉಳಿದವರ ಪಾಡೇನು? ಒಲೆ ಹಚ್ಚಲು ಬಾರದ ಗಂಡಸರು ಎಲ್ಲ ಬೀದಿಗಳಲ್ಲೂ ಇದ್ದಾರೆ. ಅಂಥವರಲ್ಲಿ ನಮ್ಮ ಕತ್ತರಿಯಣ್ಣನೂ ಒಬ್ಬ.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವನ ಕ್ಷೌರದಂಗಡಿ. ಮಗಳಿಗೆ ಆಪರೇಷನ್ ಮಾಡಿ ಹೆರಿಗೆ ಆಗಿತ್ತು. ಹಾಸಿಗೆಯಿಂದ ಏಳಲಾರದ ಮಗಳನ್ನೂ ಕೂಸನ್ನೂ ನೋಡಿಕೊಳ್ಳಲು ಹೆಂಡತಿ ಮಗಳ ಊರಿಗೆ ಹೋಗಿದ್ದಳು. ಇನ್ನೂ ಎರಡು ತಿಂಗಳು ಬರುವ ಹಾಗಿರಲಿಲ್ಲ. ದಿನಾ ಮಧ್ಯಾಹ್ನ ತಪ್ಪದೆ ಫೋನು ಬರುತ್ತಿತ್ತು.

"ರೀ, ಊಟ ಆಯ್ತಾ?"

"ಹೊಟ್ಟೆ ಬಿರಿಯೋ ಹಾಗೆ ಆಯ್ತು ಕಣೇ."

ಶುದ್ಧ ಸುಳ್ಳು. ಅವನು ತಿಂದದ್ದು ಒಂದು ಬನ್ನು, ಕುಡಿದದ್ದು ಎರಡು ಟೀ. ನಿಜ ಹೇಳಿದರೆ ಅವಳು ಮರುದಿನವೇ ಮಗಳನ್ನು ಬಿಟ್ಟು ಬಸ್ಸು ಹತ್ತುವವಳು. ಅದೊಂದು ಆಗಬಾರದು ಅಂತ ಅವನು ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡಿದ್ದ.

ಆದರೆ ಬಾಯಿ ಮುಚ್ಚಿಟ್ಟ ಗುಟ್ಟನ್ನು ಕೈ ಬಿಟ್ಟುಕೊಟ್ಟಿತು. ಒಂದು ದಿನ ಪೋಸ್ಟ್‌ಮ್ಯಾನ್ ಗಡ್ಡಕ್ಕೆ ಕೂತಿದ್ದಾಗ ಕತ್ತರಿಯಣ್ಣನ ಕೈ ನಡುಗಿ ಬ್ಲೇಡು ಕೆನ್ನೆಗೆ ತಾಗಿತು.

"ಅಣ್ಣಾ, ನಾನು ಗಡ್ಡ ತೆಗೆಸೋಕೆ ಬಂದದ್ದು, ಕೆನ್ನೆ ತೆಗೆಸೋಕಲ್ಲ!" ಅಂತ ಪೋಸ್ಟ್‌ಮ್ಯಾನ್ ಕೂಗಿದ.

ಆ ಕೂಗು ಕೇಳಿ ಮೇಲಿನ ಮನೆಯ ಸಿಸ್ಟರ್ ಇಳಿದು ಬಂದಳು. ಆರೋಗ್ಯ ಕೇಂದ್ರದಲ್ಲಿ ಅವಳ ಕೆಲಸ. ಕೆನ್ನೆಗೆ ಔಷಧ ಹಚ್ಚಿ ಪೋಸ್ಟ್‌ಮ್ಯಾನನ್ನು ಕಳಿಸಿದಳು. ಆಮೇಲೆ ಕತ್ತರಿಯಣ್ಣನ ಕಡೆ ತಿರುಗಿದಳು.

"ಅಣ್ಣಾ, ಇದು ವಯಸ್ಸಿನ ನಡುಕ ಅಲ್ಲ, ಹಸಿವಿಂದು. ಸರಿಯಾಗಿ ಊಟ ಮಾಡಿ ಎಷ್ಟು ದಿನ ಆಯ್ತು?"

"ಎಲ್ಲಿ ಮಾಡ್ಲಿ ಸಿಸ್ಟರ್? ದೊಡ್ಡ ಹೋಟೆಲ್ ಮೆಟ್ಟಿಲು ದಿನಾ ಹತ್ತೋಕಾಗುತ್ತಾ?"

"ಊಟದ ಗಾಡಿಗಳಿವೆಯಲ್ಲ, ಬಸ್ ನಿಲ್ದಾಣದ ಹತ್ರ."

"ಗಾಡಿ ಸುದ್ದಿ ಮಾತ್ರ ಎತ್ತಬೇಡಿ!" ಅವನು ಕೈ ಮುಗಿದ. "ಹೋದ ವಾರ ಒಬ್ಬನ ಹತ್ರ ತಿಂದು ಎರಡು ದಿನ ಕಕ್ಕಸಿನಲ್ಲೇ ವಾಸ ಮಾಡಿದ್ದೀನಿ."

"ಅವನ ಗಾಡಿಗೇ ಯಾಕೆ ಹೋದ್ರಿ?"

ಕತ್ತರಿಯಣ್ಣ ತಲೆ ಕೆರೆದುಕೊಂಡ. "ಅವನ ತಲೆ ನೋಡಿ ಹೋದೆ. ನಾನೇ ಕತ್ತರಿಸಿದ ತಲೆ. ನೀಟಾದ ಕಟಿಂಗು, ಬಿಳಿ ಅಂಗಿ. ತಲೆ ಇಷ್ಟು ಚೆನ್ನಾಗಿ ಇಟ್ಕೊಂಡವನು ಪಾತ್ರೆ ಕೊಳಕಾಗಿ ಇಡ್ತಾನಾ ಅಂದ್ಕೊಂಡೆ. ಬೆಳಿಗ್ಗೆ ಮಾಡಿದ ಅನ್ನ, ತೆರೆದೇ ಇಟ್ಟಿದ್ದ. ಮಧ್ಯಾಹ್ನ ಮೂರಕ್ಕೆ ತಣ್ಣಗೆ ಬಡಿಸಿದ."

ಸಿಸ್ಟರ್‌ಗೆ ನಗು ತಡೆಯಲಾಗಲಿಲ್ಲ. "ಬನ್ನಿ, ಅಲ್ಲೇ ಅನ್ನ ಮಾರೋ ಗಾಡಿಯಕ್ಕನ ಹತ್ರ ಹೋಗೋಣ. ನಾನು ದಿನಾ ಉಣ್ಣೋದು ಅಲ್ಲೇ."

"ಅವಳಾ? ಯಾವಾಗ ನೋಡಿದ್ರೂ ತಲೆಗೆ ಬಟ್ಟೆ ಸುತ್ಕೊಂಡಿರ್ತಾಳೆ. ಬಾಚ್ಕೊಳ್ಳೋಕೂ ಸೋಮಾರಿ ಇರ್ಬೇಕು."

"ಅಣ್ಣಾ! ಅನ್ನಕ್ಕೆ ಕೂದಲು ಬೀಳಬಾರದು ಅಂತ ಕಟ್ಟಿರೋದು ಅದು. ದಿನವಿಡೀ ಕೂದಲಲ್ಲೇ ಓಡಾಡೋ ನಿಮಗೇ ಹೊಳೀಲಿಲ್ವಾ?"

ಕತ್ತರಿಯಣ್ಣ ನಾಲಿಗೆ ಕಚ್ಚಿಕೊಂಡ. ಸಿಸ್ಟರ್ ಬಿಡಲಿಲ್ಲ. "ಹೊಸಬರು ನಿಮ್ಮ ಕುರ್ಚಿಗೆ ಬಂದರೆ ಏನು ನೋಡ್ತಾರೆ ಹೇಳಿ."

"ಇನ್ನೇನು, ಬ್ಲೇಡು. ಅವರ ಕಣ್ಣೆದುರೇ ಕಾಗದ ಬಿಚ್ಚಿ ಹೊಸದು ಹಾಕ್ತೀನಿ."

"ಗಾಡಿಯ ಹತ್ರ ನೀವೂ ಅದನ್ನೇ ಮಾಡಿ. ಅಂಗಿ, ತಲೆ ಬಿಟ್ಟುಬಿಡಿ. ನಿಮ್ಮ ಕಣ್ಣೆದುರು ಏನು ನಡೀತಿದೆ ನೋಡಿ."

ಇಬ್ಬರೂ ಗಾಡಿಯಿಂದ ನಾಲ್ಕು ಹೆಜ್ಜೆ ದೂರ ನಿಂತರು. ಬಸ್ ಡ್ರೈವರುಗಳು, ಹೂವು ಮಾರುವವರು ಸಾಲು ನಿಂತಿದ್ದರು. ಗಾಡಿಯಕ್ಕ ಮುಚ್ಚಳ ತೆಗೆದಾಗ ಹಬೆ ಎದ್ದಿತು, ಬಡಿಸಿದ ಕೂಡಲೇ ಮುಚ್ಚಳ ಮತ್ತೆ ಕೂತಿತು. ದುಡ್ಡನ್ನು ಅವಳು ಮುಟ್ಟಲಿಲ್ಲ, ಉಂಡವರೇ ಡಬ್ಬಿಗೆ ಹಾಕಿ ಹೋದರು. ತಟ್ಟೆಗಳನ್ನು ಸೋಪಿನ ನೀರಲ್ಲಿ ಉಜ್ಜಿ, ಪಕ್ಕದ ಬಕೆಟ್ಟಿನ ಶುದ್ಧ ನೀರಲ್ಲಿ ಜಾಲಿಸಿ ಮಗುಚಿಡುತ್ತಿದ್ದಳು. ಕುಡಿಯುವ ನೀರಿನ ಡ್ರಮ್ಮಿಗೆ ನಲ್ಲಿಯಿತ್ತು, ಯಾರೂ ಲೋಟ ಅದ್ದುವಂತಿರಲಿಲ್ಲ.

"ಗಾಡಿಯ ಬಣ್ಣ ಕಿತ್ತುಹೋಗಿದೆಯಲ್ಲ ಸಿಸ್ಟರ್," ಎಂದು ಅವನು ಕೊನೆಯ ತಕರಾರು ತೆಗೆದ.

"ಬಣ್ಣ ತಿಂತೀರಾ ಅಣ್ಣಾ?"

ಅವನ ಸರದಿ ಬರುವ ಹೊತ್ತಿಗೆ ಪಾತ್ರೆ ತಳ ಕಂಡಿತ್ತು. ಗಾಡಿಯಕ್ಕ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದಳು.

"ಅಣ್ಣಾ, ಬೇಳೆ ಆರಿದೆ. ಕುದಿಸಿ ಕೊಡ್ತೀನಿ, ಹತ್ತು ನಿಮಿಷ ಕಾಯ್ತೀರಾ?"

"ಪರವಾಗಿಲ್ಲಮ್ಮ, ಹಾಗೇ ಹಾಕು. ಹೊಟ್ಟೆ ತಾಳ ಹಾಕ್ತಿದೆ."

"ಹಾಗೇ ಹಾಕಲ್ಲ. ಅವಸರ ಇದ್ರೆ ಬೇರೆ ಗಾಡಿಗೆ ಹೋಗಿ, ಬೇಜಾರಿಲ್ಲ."

ಕತ್ತರಿಯಣ್ಣನಿಗೆ 'ಹಳೇ ಬ್ಲೇಡೇ ಸಾಕು, ಬೇಗ ಮುಗಿಸು' ಎನ್ನುವ ಗಿರಾಕಿಗಳಿಗೆ ತಾನೂ ಹೀಗೇ ಗದರುವುದು ನೆನಪಾಯಿತು. ಬಂದ ಗಿರಾಕಿಯನ್ನು ಬಿಟ್ಟೇನು, ಆರಿದ್ದನ್ನು ಬಡಿಸೆ ಅನ್ನುವ ಹೆಂಗಸು! ಆ ಕ್ಷಣದಲ್ಲೇ ಅವನ ಅನುಮಾನವೆಲ್ಲ ಕರಗಿಹೋಯಿತು. ಕಾದು ನಿಂತ. ಹಬೆಯಾಡುವ ಅನ್ನ, ಬೇಳೆ, ಸೊಪ್ಪು ಕೈಗೆ ಬಂತು. ಮೊದಲ ತುತ್ತಿಗೇ ಕಣ್ಣು ತುಂಬಿತು, ಬೇಳೆ ಬಿಸಿ ಎಂದು ನೆಪ ಹೇಳಿದ. ಊಟದ ಬೆಲೆಯೂ ಒಂದು ಬನ್ನು, ಎರಡು ಟೀಗೆ ಆಗುತ್ತಿದ್ದ ಖರ್ಚಿಗಿಂತ ಚೂರೇ ಹೆಚ್ಚು, ಅಷ್ಟೇ.

ಎರಡು ವಾರದಲ್ಲಿ ಕೈ ಗಟ್ಟಿಯಾಯಿತು. ಪೋಸ್ಟ್‌ಮ್ಯಾನೂ ಧೈರ್ಯ ಮಾಡಿ ಕೆನ್ನೆ ಒಪ್ಪಿಸಿದ.

ಒಂದು ಮಧ್ಯಾಹ್ನ ಉಣ್ಣುತ್ತಿರುವಾಗಲೇ ಹೆಂಡತಿಯ ಫೋನು ಬಂತು.

"ರೀ, ಊಟ ಆಯ್ತಾ?"

ಉತ್ತರ ಕೊಡುವ ಮೊದಲೇ ಗಾಡಿಯಕ್ಕ, "ಅಣ್ಣಾ, ಇನ್ನೊಂದು ಸೌಟು ಹಾಕ್ಲಾ?" ಅಂದಳು.

"ಯಾರ‍್ರೀ ಅದು?"

ಇನ್ನು ಮುಚ್ಚಿಡುವುದೇನು? ಬನ್ನು, ನಡುಕ, ಪೋಸ್ಟ್‌ಮ್ಯಾನ್ ಕೆನ್ನೆ, ಗಾಡಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಆ ಕಡೆಯಿಂದ ಕೂಸಿನ ಅಳು ಕೇಳಿಸಿತು. ಆಮೇಲೆ ಅವಳು, "ಫೋನು ಅವರಿಗೆ ಕೊಡಿ," ಅಂದಳು.

ಅವನು ಫೋನು ಚಾಚಿದ. ಗಾಡಿಯಕ್ಕ ಕೈ ಹಿಂದೆಳೆದುಕೊಂಡಳು. "ಬಡಿಸೋ ಕೈಯಣ್ಣಾ, ಫೋನು ಮುಟ್ಟಲ್ಲ." ಅವನೇ ಅವಳ ಕಿವಿಗೆ ಹಿಡಿದು ನಿಂತ.

"ಅಕ್ಕಾ," ಅಂದಿತು ಫೋನಿನ ದನಿ, "ನೀವು ಅವರಿಗೆ ಅನ್ನ ಹಾಕಿದ್ದಕ್ಕೆ ನಾನಿಲ್ಲಿ ಮಗಳ ಪಕ್ಕ ಇರೋ ಹಾಗಾಯ್ತು. ನಿಮ್ಮ ಹೊಟ್ಟೆ ತಣ್ಣಗಿರ್ಲಿ."

ಓದುಗರೇ, ಕೇಳುಗರೇ, ನಿಮ್ಮ ಬೀದಿಯಲ್ಲೂ ಇಂಥ ಒಂದು ಗಾಡಿ ಇದ್ದೀತು. ಹಸಿದಾಗ ಬನ್ನು ತಿಂದು ದಿನ ದೂಡಬೇಡಿ, ಕಂಡ ಕಂಡಲ್ಲಿ ಕಣ್ಣು ಮುಚ್ಚಿ ತಿನ್ನಲೂ ಬೇಡಿ. ಎರಡೇ ನಿಮಿಷ ನಿಂತು ನೋಡಿ. ಹಬೆ ಏಳುತ್ತಿದೆಯೇ, ಮುಚ್ಚಳ ಇದೆಯೇ, ಬಡಿಸುವ ಕೈ ಇನ್ನೇನು ಮುಟ್ಟುತ್ತಿದೆ, ತಟ್ಟೆ ಯಾವ ನೀರಲ್ಲಿ ತೊಳೆಯುತ್ತಾರೆ? ಆರಿದ್ದರೆ ಕುದಿಸಿ ಕೊಡಿ ಎಂದು ಸಂಕೋಚವಿಲ್ಲದೆ ಕೇಳಿ. ಒಳ್ಳೆಯ ಗಾಡಿ ಸಿಕ್ಕರೆ ನಾಲ್ಕು ಜನರಿಗೆ ತೋರಿಸಿ. ಉಂಡು ಕೈ ತೊಳೆದ ಮೇಲೆ, ಹೊರಡುವ ಮುಂಚೆ, ಬಡಿಸಿದವರ ಮುಖ ನೋಡಿ "ಊಟ ಚೆನ್ನಾಗಿತ್ತಕ್ಕಾ" ಅಂದು ಬನ್ನಿ.